ಪೌರಕಾರ್ಮಿಕರ ಸುರಕ್ಷಾ ಕಿಟ್: ಒಂದು ವರ್ಷ ಬಳಸಿ ನೋಡಿದ ಮೇಲೆ

ಕಳೆದ ವರ್ಷ ಮುಂಗಾರಿಗೆ ಮುಂಚೆ ನಮ್ಮ ನಗರಸಭೆಯ ಪೌರಕಾರ್ಮಿಕರಿಗೆ ಬಂದ ಸುರಕ್ಷಾ ಕಿಟ್ಟಿನಲ್ಲಿ ಎರಡು ಜೋಡಿ ಕೈಗವಸು, ಒಂದು ಜೋಡಿ ಗಂಬೂಟು, ಹೊಳೆಯುವ ಪಟ್ಟಿಯ ಜಾಕೆಟ್ಟು, ಮಾಸ್ಕುಗಳ ಒಂದು ಪೊಟ್ಟಣ ಮತ್ತು ಒಂದು ರೇನ್‌ಕೋಟು ಇದ್ದವು. ಒಳಚರಂಡಿ ತಂಡಕ್ಕೆಂದು ಒಂದು ಗ್ಯಾಸ್ ಮೀಟರು ಮತ್ತು ಎಲ್ಲರಿಗೂ ಸೇರಿ ಅರ್ಧ ದಿನದ ತರಬೇತಿ ಇದೇ ಟೆಂಡರಿನಲ್ಲಿ ಸೇರಿದ್ದವು. ಆರೋಗ್ಯ ನಿರೀಕ್ಷಕನಾಗಿ ಈ ಕಿಟ್ಟನ್ನು ದಾಸ್ತಾನು ವಹಿಗೆ ಏರಿಸಿದವನೂ ನಾನೇ, ಬೆಳಿಗ್ಗೆ ಆರಕ್ಕೆ ಮಸ್ಟರಿಂಗ್, ಅಂದರೆ ಹಾಜರಿ ಹಾಕುವ ಹೊತ್ತಿನಲ್ಲಿ ಅದು ಯಾರ ಮೈಮೇಲಿದೆ, ಯಾರ ತಳ್ಳುಗಾಡಿಯ ಹಿಡಿಕೆಗೆ ನೇತಾಡುತ್ತಿದೆ ಎಂದು ದಿನವೂ ನೋಡುವವನೂ ನಾನೇ. ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ ಕಳೆದ ಮೇಲೆ ಬರೆಯುತ್ತಿರುವ ಈ ವಿಮರ್ಶೆ, ಇಂಥದೇ ಕಿಟ್ಟಿಗೆ ಇಂಡೆಂಟು (ಬೇಡಿಕೆ ಪಟ್ಟಿ) ಹಾಕಲಿರುವ ಬೇರೆ ಊರಿನ ಸಹೋದ್ಯೋಗಿಗಳಿಗೆ ಉಪಯೋಗಕ್ಕೆ ಬಂದೀತು. ಸರಬರಾಜುದಾರರ ಹೆಸರು ಇಲ್ಲಿ ಬೇಕಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಕಿಟ್ಟುಗಳು ಒಂದೇ ಅಚ್ಚಿನವು.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಸಮವಸ್ತ್ರ, ಹೊಳೆಯುವ ಜಾಕೆಟ್ಟು, ಕೈಗವಸು, ರೇನ್‌ಕೋಟು, ತಕ್ಕ ಪಾದರಕ್ಷೆ ಮತ್ತು ಮಾಸ್ಕುಗಳನ್ನು ಕೊಡಬೇಕೆಂದಷ್ಟೇ ಅಲ್ಲ, ಅವು ಬಳಕೆಯಾಗುವಂತೆ ನೋಡಿಕೊಳ್ಳಬೇಕೆಂದೂ ಇತ್ತು. ನಮ್ಮ ಕಚೇರಿಗಳಲ್ಲಿ ವಾಕ್ಯದ ಮೊದಲರ್ಧಕ್ಕೆ ಬಿಲ್ಲು ಪಾಸಾಗುತ್ತದೆ, ಉಳಿದರ್ಧಕ್ಕೆ 'ಕೊಟ್ಟರೂ ಹಾಕಿಕೊಳ್ಳೋದಿಲ್ಲ ಸಾರ್' ಎಂಬ ಸಿದ್ಧ ಉತ್ತರವಿರುತ್ತದೆ. ಆ ಉತ್ತರವನ್ನು ನಾನೂ ಎಷ್ಟೋ ಸಭೆಗಳಲ್ಲಿ ಕೊಟ್ಟಿದ್ದೇನೆ. ಈಗ ಕೊಡುವುದನ್ನು ಬಿಟ್ಟಿದ್ದೇನೆ, ಅದಕ್ಕೆ ಕಾರಣ ಈ ಕಿಟ್ಟಿನ ಕೈಗವಸು.

ಮೊದಲ ಜೋಡಿ ದಪ್ಪ ರಬ್ಬರಿನ, ಮೊಣಕೈವರೆಗೆ ಏರುವ ಕಿತ್ತಳೆ ಬಣ್ಣದ ಗವಸು. ನೋಡಲು ಗಟ್ಟಿಮುಟ್ಟಾಗಿತ್ತು, ಪರಿಶೀಲನಾ ಸಮಿತಿಯ ನಾವೆಲ್ಲರೂ ಎಳೆದು, ಹಿಂಡಿ, ಮೆಚ್ಚಿ ಸಹಿ ಹಾಕಿದೆವು. ಹದಿನೈದು ದಿನದೊಳಗೆ ಗುಡಿಸುವ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳನ್ನು ಕತ್ತರಿಸಿ ಹಾಕಿದ್ದರು. ಸರ್ಕಾರಿ ಸಾಮಾನು ಹಾಳು ಮಾಡಿದ್ದೀರಿ ಎಂದು ಗದರಿಸಲು ಹೋದ ನನ್ನ ಕೈಗೇ ಒಬ್ಬಾಕೆ ತಮ್ಮ ಗವಸನ್ನು ತೊಡಿಸಿ, ಚರಂಡಿಯ ಅಂಚಿಗೆ ಅಂಟಿಕೊಂಡಿದ್ದ ಒದ್ದೆ ಶಾಂಪೂ ಪೌಚನ್ನು ಎತ್ತಿ ಎಂದರು. ಮೂರು ಸಲ ಪ್ರಯತ್ನಿಸಿದೆ, ಆಗಲಿಲ್ಲ. ಗವಸಿನೊಳಗೆ ಬೆರಳಿನ ಮುಂದೆ ಒಂದಂಗುಲ ಖಾಲಿ ಇತ್ತು, ಬೆವರಿಗೆ ಒಳಗೆಲ್ಲ ಜಾರುತ್ತಿತ್ತು. ದಿನಕ್ಕೆ ಸಾವಿರಾರು ಸಲ ಬಗ್ಗಿ ಎತ್ತುವವರು ಬೆರಳಿಗೆ ಹಿಡಿತವಿಲ್ಲದ ಗವಸನ್ನು ಕತ್ತರಿಸದೆ ಇನ್ನೇನು ಮಾಡಿಯಾರು?

ಕಿಟ್ಟಿನಲ್ಲಿದ್ದ ಎರಡನೆಯ ಜೋಡಿ, ಹೆಣೆದ ಬಟ್ಟೆಗೆ ಅಂಗೈ ಭಾಗದಲ್ಲಿ ಮಾತ್ರ ನೈಟ್ರೈಲ್ ಎಂಬ ಕೃತಕ ರಬ್ಬರು ಲೇಪಿಸಿದ ತೆಳು ಗವಸು, ಇದಕ್ಕೆ ನೇರ ವಿರುದ್ಧ. ಕೈಬೆನ್ನಿಗೆ ಗಾಳಿಯಾಡುತ್ತದೆ, ಬೆರಳು ಮಡಚುತ್ತದೆ, ತರಗೆಲೆಯನ್ನೂ ಹಿಡಿಯಬಹುದು. ಇಡೀ ಕಿಟ್ಟಿನಲ್ಲಿ ಯಾರೂ ಹೇಳಿಸಿಕೊಳ್ಳದೆ ಹಾಕಿಕೊಂಡದ್ದು ಇದನ್ನೇ. ಇಂಥ ಗವಸಿನ ಮೇಲೆ ಇಎನ್ 388 ಎಂಬ ಯುರೋಪಿನ ಮಾನಕದ ಗುರುತಿನ ಕೆಳಗೆ ಸಾಲಾಗಿ ಅಂಕಿಗಳಿರುತ್ತವೆ; ಮೊದಲ ನಾಲ್ಕು ಕ್ರಮವಾಗಿ ಸವೆತ, ಕೊಯ್ತ, ಹರಿಯುವಿಕೆ ಮತ್ತು ಚುಚ್ಚುವಿಕೆಯನ್ನು ಅದು ಎಷ್ಟು ತಡೆಯುತ್ತದೆ ಎಂಬುದರ ಲೆಕ್ಕ. ಒಡೆದ ಟ್ಯೂಬ್‌ಲೈಟು, ಬಾಟಲಿ ಚೂರುಗಳ ನಡುವೆ ಕೆಲಸ ಮಾಡುವವರಿಗೆ ಎರಡನೆಯ ಅಂಕಿ ದೊಡ್ಡದಿರಬೇಕು, ಆದರೆ ನಮಗೆ ಬಂದದ್ದರಲ್ಲಿ ಅದು 1 ಮಾತ್ರ. ನಾಲ್ಕನೆಯ ಅಂಕಿಯನ್ನು ನಂಬಿ ಮೋಸ ಹೋಗಬಾರದು ಎಂಬುದನ್ನೂ ಹೇಳಬೇಕು. ಆ ಪರೀಕ್ಷೆಯಲ್ಲಿ ಚುಚ್ಚುವುದು ಸುಮಾರು 4.5 ಮಿಲಿಮೀಟರ್ ದಪ್ಪದ ಉಕ್ಕಿನ ಕಡ್ಡಿಯಿಂದ. ಇಂಜೆಕ್ಷನ್ ಸೂಜಿ ಅದರ ಹತ್ತಿರಕ್ಕೂ ಬರದಷ್ಟು ಸಣ್ಣದು, ಒಳ್ಳೆಯ ಅಂಕಿಯ ಗವಸಿನಲ್ಲೂ ಸಲೀಸಾಗಿ ತೂರುತ್ತದೆ. ಮನೆಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವ ಈ ಕಾಲದಲ್ಲಿ ಸೂಜಿಗೆ ಗವಸಲ್ಲ, ಇಕ್ಕಳವೇ ಮದ್ದು, ಜೊತೆಗೆ ಹೆಪಟೈಟಿಸ್ ಬಿ ಲಸಿಕೆ. ಇಕ್ಕಳ ಕಿಟ್ಟಿನಲ್ಲಿರಲಿಲ್ಲ. ಲಸಿಕೆಯ ಮೊದಲ ಡೋಸು ಶಿಬಿರದಲ್ಲಿ ಫೋಟೊ ಸಹಿತ ಆಯಿತು, ಒಂದು ತಿಂಗಳಿಗೆ ಮತ್ತು ಆರು ತಿಂಗಳಿಗೆ ಆಗಬೇಕಾದ ಉಳಿದೆರಡು ಡೋಸುಗಳಿಗೆ ಜನರನ್ನು ಹಿಡಿದು ಕರೆದೊಯ್ಯಲು ನಾನು ಪಟ್ಟ ಪಾಡು ಬೇರೆಯೇ ಕಥೆ.

ಗಂಬೂಟುಗಳು 7, 8, 9ನೇ ಅಳತೆಯಲ್ಲಿ ಬಂದವು. ಗುಡಿಸುವವರಲ್ಲಿ ಹೆಚ್ಚಿನವರು ಹೆಂಗಸರು, ಅವರ ಪಾದ 4 ಅಥವಾ 5. ಎರಡು ಜೊತೆ ಕಾಲುಚೀಲ ಹಾಕಿಕೊಂಡರೂ ಹಿಮ್ಮಡಿ ಬೂಟಿನೊಳಗೆ ಎದ್ದೆದ್ದು ಬೀಳುತ್ತದೆ, ಅಂಥ ಬೂಟಿನಲ್ಲಿ ಹಿಂದಿನಿಂದ ಹಾರ್ನ್ ಕೇಳಿ ಪಕ್ಕಕ್ಕೆ ಸರಿಯುವುದೆಂದರೆ ಮುಗ್ಗರಿಸುವುದೇ. ಅಳತೆ ಸರಿಹೊಂದಿದ ಗಂಡಸರಿಗೆ, ಅದರಲ್ಲೂ ಮಳೆನೀರು ಚರಂಡಿಯ ಹೂಳೆತ್ತುವವರಿಗೆ, ಇದೇ ಬೂಟು ಬಹಳ ಚೆನ್ನಾಗಿ ಒದಗಿತು. ಅಟ್ಟೆ ಒಂದು ವರ್ಷವಾದರೂ ಬಿರಿದಿಲ್ಲ. ಆದರೆ ಒಣ ರಸ್ತೆ ಗುಡಿಸುವವರಿಗೆ ಪಿವಿಸಿ ಗಂಬೂಟು ಯಾಕೆ ಬೇಕು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ. ಅವರಿಗೆ ಬೇಕಾದದ್ದು ಜಾರದ ಅಟ್ಟೆಯ, ಗಾಳಿಯಾಡುವ ಶೂ. ಟಿಪ್ಪರಿನ ಲೋಡರುಗಳ ಅಗತ್ಯ ಇನ್ನೊಂದು ಬಗೆ: ಕಾಲ್ಬೆರಳಿನ ಮೇಲೆ ಭಾರ ಬಿದ್ದರೆ ತಡೆಯುವ, 200 ಜೂಲ್ ಶಕ್ತಿಯ ಹೊಡೆತಕ್ಕೆ ಪರೀಕ್ಷೆಯಾದ, ಭಾರತೀಯ ಮಾನಕ ಐಎಸ್ 15298 ಗುರುತಿನ ಸುರಕ್ಷಾ ಶೂ. ಈ ಮೂವರಿಗೂ ಒಂದೇ ಬೂಟು ಹಂಚಿದ್ದು ಸರಬರಾಜುದಾರರ ತಪ್ಪಲ್ಲ, ಇಂಡೆಂಟು ಬರೆದ ನಮ್ಮದೇ.

ಜಾಕೆಟ್ಟಿಗೆ ಪೂರ್ತಿ ಅಂಕ ಕೊಡುತ್ತೇನೆ. ಡಿಸೆಂಬರಿನ ಬೆಳಗಿನ ಆರು ಗಂಟೆಯ ಮಬ್ಬಿನಲ್ಲಿ, ಬೀದಿದೀಪ ಕೆಟ್ಟ ಬೈಪಾಸ್ ಅಂಚಿನಲ್ಲಿ, ದೂರದಿಂದಲೇ ಜೀಪಿನ ಬೆಳಕಿಗೆ ಎರಡು ಬೆಳ್ಳಿಪಟ್ಟಿಗಳು ಹೊಳೆಯುವುದನ್ನು ನೋಡಿದವನಿಗೆ ಬೇರೆ ವಾದ ಬೇಕಿಲ್ಲ. ತೊಂದರೆ ಬಂದದ್ದು ನಾವು ಯಾರೂ ಯೋಚಿಸದ ಕಡೆಯಿಂದ. ಆ ಪಟ್ಟಿ ಹೊಳೆಯುವುದು ಅದರ ಮೇಲೆ ಕೂರಿಸಿದ ಅತಿ ಸಣ್ಣ ಗಾಜಿನ ಮಣಿಗಳಿಂದ. ನಮ್ಮ ಮನೆಗಳಲ್ಲಿ ಕೊಳೆ ಬಟ್ಟೆಯನ್ನು ಒಗೆಯುವ ಕಲ್ಲಿಗೆ ಬಡಿದು, ಬ್ರಷ್ಷಿನಲ್ಲಿ ಉಜ್ಜುವುದೇ ಪದ್ಧತಿ. ಮೂರು ತಿಂಗಳು ಹಾಗೆ ಒಗೆದ ಜಾಕೆಟ್ಟಿನ ಮೇಲೆ ಟಾರ್ಚು ಬಿಟ್ಟರೆ ಬೂದುಬಣ್ಣದ ರಿಬ್ಬನ್ನಿನಂತೆ ಸತ್ತು ಬಿದ್ದಿರುತ್ತದೆ. ಹಗಲಿನಲ್ಲಿ ನೋಡಿದರೆ ವ್ಯತ್ಯಾಸವೇ ತಿಳಿಯದು. ಸೋಪುನೀರಿನಲ್ಲಿ ನೆನೆಸಿ, ಕೈಯಲ್ಲಿ ಅದುಮಿ, ನೆರಳಲ್ಲಿ ಒಣಗಿಸಿ ಎಂದು ಕನ್ನಡದಲ್ಲಿ ಒಂದು ಚೀಟಿ ಹೊಲಿದಿದ್ದರೆ ಸಾಕಿತ್ತು. ಚೀಟಿಯೇನೋ ಇತ್ತು, ಇಂಗ್ಲಿಷಿನಲ್ಲಿ.

ಮಾಸ್ಕಿನ ಪೊಟ್ಟಣದ ಮೇಲೆ ಧೂಳು, ಹೊಗೆ, ಅನಿಲ ಎಲ್ಲವನ್ನೂ ತಡೆಯುವುದಾಗಿ ಬರೆದಿತ್ತು. ಒಳಗಿದ್ದದ್ದು ಮೂರು ಪದರದ ಸಾಧಾರಣ ಮಾಸ್ಕು. ಧೂಳಿಗೆ ಐಎಸ್ 9473ರ ಎಫ್‌ಎಫ್‌ಪಿ 2 ದರ್ಜೆಯ ಸೋಸು ಮಾಸ್ಕು ಮುಖಕ್ಕೆ ಬಿಗಿಯಾಗಿ ಕೂತರೆ ಕೆಲಸ ಮಾಡುತ್ತದೆ, ಆದರೆ ಅದೂ ಅನಿಲವನ್ನು ತಡೆಯುವುದಿಲ್ಲ. ಮುಚ್ಚಳ ತೆಗೆದ ಮ್ಯಾನ್‌ಹೋಲಿನ ಮುಂದೆ ಇಂಥ ಪೊಟ್ಟಣವನ್ನು ನಂಬಿ ಯಾರಾದರೂ ಬಗ್ಗಿದರೆ ಏನಾಗುತ್ತದೆ ಎಂದು ಯೋಚಿಸಿ, ಉಳಿದ ಪೊಟ್ಟಣಗಳ ಮೇಲಿನ ಆ ಬರಹಕ್ಕೆ ಸ್ಟೋರಿನಲ್ಲಿ ಕೂತು ನಾನೇ ಮಸಿ ಬಳಿದೆ. ರೇನ್‌ಕೋಟಿನ ಬಗ್ಗೆ ಒಂದೇ ಮಾತು: ಟೋಪಿ ಏರಿಸಿದರೆ ಎಡಬಲ ಕಾಣುವುದಿಲ್ಲ, ರಸ್ತೆಯ ಮೇಲೆ ಕೆಲಸ ಮಾಡುವವರಿಗೆ ಅದು ಆಗಿಬರದು.

ಇನ್ನು ಗ್ಯಾಸ್ ಮೀಟರು. ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್ ಮತ್ತು ಹೊತ್ತಿಕೊಳ್ಳುವ ಅನಿಲ, ಈ ನಾಲ್ಕನ್ನೂ ಅಳೆಯುವ, ಅಂಗೈಯಗಲದ ಹಳದಿ ಪೆಟ್ಟಿಗೆ. ಕಿಟ್ಟಿನಲ್ಲೇ ಹೆಚ್ಚು ಬೆಲೆಯ ಸಾಮಾನು, ಹೆಚ್ಚು ಕಾಲ ಬೀರುವಿನಲ್ಲಿದ್ದದ್ದೂ ಅದೇ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಬಂದ ಮೇಲೆ ಒಳಚರಂಡಿಗೆ ಆಳನ್ನು ಇಳಿಸುವ ಪ್ರಶ್ನೆಯೇ ಇಲ್ಲ, ನೀರನ್ನು ರಭಸದಿಂದ ಚಿಮ್ಮಿಸಿ ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಯಂತ್ರ ಇದೆಯಲ್ಲ, ಮೀಟರು ಯಾಕೆ ಎಂದು ಕೇಳುವವರಿದ್ದಾರೆ. ಅದೇ ಕಾಯ್ದೆಯ ನಿಯಮಗಳ ಪ್ರಕಾರ ಯಂತ್ರದಿಂದ ಸಾಧ್ಯವೇ ಇಲ್ಲದ ಕೆಲವೇ ಕೆಲಸಗಳಿಗೆ ಸ್ಥಳೀಯ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕರ ಲಿಖಿತ ಅನುಮತಿ ಪಡೆದು, ಪೂರ್ತಿ ಸಲಕರಣೆಯೊಂದಿಗೆ ಇಳಿಸಬಹುದು, ಅದೂ ಒಂದೇ ಬಾರಿಗೆ 90 ನಿಮಿಷ ಮೀರದಂತೆ. ರಕ್ಷಣೆಯಿಲ್ಲದೆ ಇಳಿಸಿದರೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು. ಆದರೆ ಯಾರೂ ಇಳಿಯದಿದ್ದರೂ ಮುಚ್ಚಳ ತೆಗೆಯುವವನು, ಅಂಚಿನಲ್ಲಿ ಬಗ್ಗಿ ಜೆಟ್ಟಿಂಗ್ ಪೈಪು ಬಿಡುವವನು ಇದ್ದೇ ಇರುತ್ತಾನೆ. ಹೈಡ್ರೋಜನ್ ಸಲ್ಫೈಡ್ ಕಡಿಮೆಯಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ, 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ಹತ್ತಿರಕ್ಕೆ ಬಂದರೆ ಮೂಗೇ ಸತ್ತು ವಾಸನೆ ನಿಂತುಹೋಗುತ್ತದೆ. 'ನಾತ ಹೋಯ್ತು, ಈಗ ಪರವಾಗಿಲ್ಲ' ಎಂಬ ನಮ್ಮ ಹಳೆಯ ತಂಡದವರ ಅಂದಾಜು ಅದಕ್ಕೇ ಭಯ ಹುಟ್ಟಿಸುತ್ತದೆ.

ಮೀಟರು ಬೀರುವಿಗೆ ಸೇರಿದ್ದು ಎರಡು ಕಾರಣಕ್ಕೆ. ಒಂದು, ಅದರೊಂದಿಗೆ ಆಳಕ್ಕೆ ಇಳಿಬಿಡುವ ನಳಿಕೆ ಬಂದಿರಲಿಲ್ಲ. ಮೀಥೇನ್ ಹಗುರ, ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಆದ್ದರಿಂದ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆಯದಿದ್ದರೆ ಅಳೆದು ಪ್ರಯೋಜನವಿಲ್ಲ. ಎರಡು, ಗೊತ್ತಿರುವ ಪ್ರಮಾಣದ ಅನಿಲ ತೋರಿಸಿ ಆಗಾಗ ಪರೀಕ್ಷಿಸದಿದ್ದರೆ ಒಳಗಿನ ಸೆನ್ಸಾರು ಸತ್ತಿದ್ದರೂ ಪರದೆಯ ಮೇಲೆ ಶಾಂತವಾಗಿ ಸೊನ್ನೆ ಕಾಣುತ್ತದೆ. ಆ ಪರೀಕ್ಷಾ ಅನಿಲದ ಡಬ್ಬಿಯಾಗಲಿ ವಾರ್ಷಿಕ ನಿರ್ವಹಣೆಯಾಗಲಿ ಟೆಂಡರಿನಲ್ಲಿರಲಿಲ್ಲ. ನಳಿಕೆಯನ್ನು ಬೇರೆ ಬಿಲ್ಲಿನಲ್ಲಿ ತರಿಸಿದ ಮೇಲೆ, ಮಾರ್ಕೆಟ್ ಹಿಂದಿನ ಒಂದು ಮ್ಯಾನ್‌ಹೋಲಿನಲ್ಲಿ ಮೇಲೆ ಏನೂ ತೋರಿಸದ ಮೀಟರು ತಳಕ್ಕೆ ಹೋಗುತ್ತಿದ್ದಂತೆ ಕಿರುಚಿಕೊಂಡಿತು. ಪೈಪು ಹಿಡಿದಿದ್ದವನು ಏನೂ ಮಾತಾಡದೆ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನಿಂತ.

ಅರ್ಧ ದಿನದ ತರಬೇತಿ ಪುರಭವನದಲ್ಲಿ ಪರದೆಯ ಮೇಲೆ ಕಾರ್ಖಾನೆಯ ಚಿತ್ರಗಳನ್ನು ತೋರಿಸಿ ಮುಗಿಯಿತು. ರಸ್ತೆಯ ನಡುವೆ ಮುಚ್ಚಳ ತೆಗೆದಾಗ ದಾರಿಹೋಕರನ್ನು ಹೇಗೆ ಕಾಪಾಡಬೇಕು ಎಂಬುದರ ಬಗ್ಗೆ ಒಂದು ಮಾತೂ ಬರಲಿಲ್ಲ, ಕಿಟ್ಟಿನಲ್ಲಿ ಕೋನುಗಳೂ ಇರಲಿಲ್ಲ. ಇಂದಿಗೂ ನಮ್ಮವರು ಪಕ್ಕದ ಮರದಿಂದ ಸೊಪ್ಪಿನ ಕೊಂಬೆ ಮುರಿದು ಗುಂಡಿಯ ಬಾಯಿಗೆ ಸಿಕ್ಕಿಸುತ್ತಾರೆ. ಹಗಲಲ್ಲಿ ಅದು ಎಲ್ಲರಿಗೂ ಅರ್ಥವಾಗುತ್ತದೆ, ಕತ್ತಲಾದ ಮೇಲೆ ಸೊಪ್ಪು ಹೊಳೆಯುವುದಿಲ್ಲ.

ಈ ವರ್ಷದ ಇಂಡೆಂಟಿಗೆ ಮುಂಚೆ ಮಸ್ಟರಿಂಗ್ ಕಟ್ಟೆಯ ಮೇಲೆ ಹಳೆಯ ದಿನಪತ್ರಿಕೆ ಹಾಸಿ, ಪ್ರತಿಯೊಬ್ಬರ ಪಾದವನ್ನೂ ಪೆನ್ಸಿಲಿನಲ್ಲಿ ಗೀಚಿ ಅಳೆದೆವು. ಪಕ್ಕದಲ್ಲೇ ಅಂಗೈ ಸುತ್ತಳತೆ. ಮೊದಲಿಗೆ ನಾಚಿದವರು ಆಮೇಲೆ ಸಾಲುಗಟ್ಟಿ ನಿಂತರು. ಗವಸಿಗೆ ಕೊಯ್ತದ ಅಂಕಿ 3ಕ್ಕಿಂತ ಕಡಿಮೆ ಇರಬಾರದು, ತಲಾ ಒಂದು ಇಕ್ಕಳ, ತಂಡಕ್ಕೆ ಆರು ಕೋನು, ಮೀಟರಿಗೆ ಪರೀಕ್ಷಾ ಅನಿಲ ಸಹಿತ ಎರಡು ವರ್ಷದ ನಿರ್ವಹಣೆ, ಜಾಕೆಟ್ಟಿಗೆ ಕನ್ನಡದ ಚೀಟಿ ಎಂದು ಷರತ್ತುಗಳಲ್ಲಿ ಬರೆದು ಅಳತೆಯ ಪಟ್ಟಿಯನ್ನು ಲಗತ್ತಿಸಿದ್ದೇನೆ. 4ನೇ ಅಳತೆಯ ಗಂಬೂಟು ತಯಾರಾಗುವುದೇ ಇಲ್ಲವೆಂದು ಒಬ್ಬ ಸರಬರಾಜುದಾರರು ಫೋನಿನಲ್ಲಿ ಹೇಳಿದರು. ಮರುದಿನ ಸಂತೆಯಲ್ಲಿ ಗದ್ದೆ ಕೆಲಸದ ಹೆಂಗಸರಿಗೆಂದು ಇಟ್ಟಿದ್ದ ಒಂದು ಜೋಡಿಯನ್ನು ಕೊಂಡು ತಂದು, ಟೆಂಡರು ಕಡತದ ಪಕ್ಕದಲ್ಲಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.