ಅಮೆಜಾನೋ, ಮಹಾಕಾಮೋ?

ಬೆನ್ನಿಗೊಂದು ಚೀಲ ಏರಿಸಿ ಮಳೆಕಾಡಿನ ನದಿಯಲ್ಲಿ ಸಾಗುವ ಆಸೆಯೇ? ಬ್ರೆಜಿಲ್‌ನ ಅಮೆಜಾನ್ ಮತ್ತು ಇಂಡೋನೇಷ್ಯಾದ ಬೋರ್ನಿಯೊದಲ್ಲಿ ಹರಿಯುವ ಮಹಾಕಾಮ್, ಎರಡರಲ್ಲೂ ಊರವರ ದೋಣಿಯಲ್ಲೇ ಹೋಗಬಹುದು.

ಅಮೆಜಾನ್‌ನಲ್ಲಿ ಹಾಸಿಗೆಯೆಂದರೆ ನೀವೇ ಒಯ್ದು ಕಟ್ಟುವ ಬಟ್ಟೆಯ ತೂಗುಮಂಚ (ಹ್ಯಾಮಕ್). ಬೇಗ ಹತ್ತದಿದ್ದರೆ ಎಂಜಿನ್ ಪಕ್ಕವೋ ಶೌಚಾಲಯದ ಪಕ್ಕವೋ ಗತಿ. ಮನೌಸ್‌ನಿಂದ ಬೆಲೆಮ್‌ಗೆ ನಾಲ್ಕೈದು ದಿನ. ಆದರೆ ಪ್ರವಾಹದ ಜೊತೆ ಇಳಿಯುವ ದೋಣಿ ನಡುನದಿಯಲ್ಲೇ ಸಾಗುತ್ತದೆ. ಕಾಡು ದೂರದ ಹಸಿರು ಗೆರೆ, ಅಷ್ಟೇ. ಕಾಡು ಹತ್ತಿರದಿಂದ ಕಾಣಬೇಕೆಂದರೆ ಎದುರು ಪ್ರವಾಹದ ಪಯಣ ಆರಿಸಿ. ಸೆಳೆತ ತಪ್ಪಿಸಲು ದೋಣಿ ದಡಕ್ಕೆ ಅಂಟಿಕೊಂಡೇ ಏರುತ್ತದೆ. ನದಿಯ ಮೇಲ್ಭಾಗದ ಗಡಿಯೂರು ತಬತಿಂಗಾದಿಂದ ಮನೌಸ್‌ಗೆ ಇಳಿಯುವುದಕ್ಕಿಂತ ಅತ್ತ ಏರುವುದಕ್ಕೆ ಹೆಚ್ಚುಕಡಿಮೆ ಎರಡುಪಟ್ಟು ಸಮಯ, ತಾಳ್ಮೆ ಬೇಕು. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ.

ಮಹಾಕಾಮ್ ಚಿಕ್ಕದು, ಅದೇ ಅದರ ಸೊಗಸು. ಸಮರಿಂದಾದಿಂದ ಮೆಲಾಕ್‌ಗೆ ಸುಮಾರು ಒಂದು ದಿನ. ಮೇಲಟ್ಟದಲ್ಲಿ ಹಾಸಿಗೆಯೂ ಸಿಗುತ್ತದೆ. ದಾರಿಯಲ್ಲಿ ಕೆರೆಗಳು, ಸ್ಥಳೀಯ ದಯಾಕ್ ಜನರ, ಹಲವು ಕುಟುಂಬಗಳು ಒಟ್ಟಿಗಿರುವ ಉದ್ದಮನೆಗಳು, ಅದೃಷ್ಟವಿದ್ದರೆ ಐರಾವತಿ ಡಾಲ್ಫಿನ್. ಕಲ್ಲಿದ್ದಲಿನ ದೋಣಿಗಳೂ ಎದುರಾಗುತ್ತವೆ, ಬೇಸರ ಬೇಡ. ನೀರು ತಗ್ಗಿದರೆ ದೋಣಿ ಮೆಲಾಕ್‌ಗಿಂತ ಮೇಲಿನ ಲಾಂಗ್ ಬಾಗುನ್ ಊರು ಮುಟ್ಟುವುದಿಲ್ಲ.

ವಾರವಷ್ಟೇ ರಜೆಯಿದ್ದರೆ ನನ್ನ ಮತ ಮಹಾಕಾಮ್‌ಗೆ. ತಿಂಗಳಿದ್ದರೆ ತೂಗುಮಂಚ ಕೊಳ್ಳಿ.