ಎಂ.ಜಿ. ರಸ್ತೆಯ ಷೇರು ಬ್ರೋಕರ್ ಕಚೇರಿ: ಕಾಗದಪತ್ರಕ್ಕೆ ಹೋಗಿ, ಟಿಪ್ಸ್‌ಗೆ ಬೇಡ

ಚಿಕ್ಕಮಗಳೂರಿನ ಈ ಬ್ರೋಕರ್ ಪ್ರತಿನಿಧಿ ಕಚೇರಿಯ ನಿಜವಾದ ಬಲ ಹಳೇ ಷೇರು ಸರ್ಟಿಫಿಕೇಟುಗಳ ಕೆಲಸ. 2019ರ ಏಪ್ರಿಲ್ 1ರಿಂದ ಕಾಗದದ ಷೇರನ್ನು ಡಿಮ್ಯಾಟ್ ಮಾಡಿಸದೆ, ಅಂದರೆ ಎಲೆಕ್ಟ್ರಾನಿಕ್ ರೂಪಕ್ಕೆ ಬದಲಿಸದೆ, ಮಾರುವಂತಿಲ್ಲ. ಡಿಮ್ಯಾಟ್ ಅರ್ಜಿ ವಾಪಸ್ ಬರುವುದು ಸಾಮಾನ್ಯವಾಗಿ ಸಹಿ ತಾಳೆಯಾಗದೆ. ಇವರು ಮೊದಲೇ ಸಹಿ ಖಾತ್ರಿಪಡಿಸುವ ಐಎಸ್‌ಆರ್-2 ನಮೂನೆಗೆ ಬ್ಯಾಂಕ್ ಮ್ಯಾನೇಜರರ ದೃಢೀಕರಣ ಮಾಡಿಸುತ್ತಾರೆ, ಸರ್ಟಿಫಿಕೇಟಿನ ಇನಿಷಿಯಲ್ ಪ್ಯಾನ್ ಕಾರ್ಡಿಗೆ ತಾಳೆಯಾಗುತ್ತದೆಯೇ ಎಂದೂ ನೋಡುತ್ತಾರೆ. ಇಷ್ಟು ತಾಳ್ಮೆ ಮೊಬೈಲ್ ಆ್ಯಪ್‌ಗಳಿಗಿಲ್ಲ.

ಬ್ರೋಕರೇಜ್ (ಬ್ರೋಕರ್ ಕಮಿಷನ್) ಮಾತ್ರ ದುಬಾರಿ. ಶೇ 0.5ರಂತೆ 1 ಲಕ್ಷದ ಖರೀದಿಗೆ 500 ರೂ., ಶೇ 18 ಜಿಎಸ್‌ಟಿ ಸೇರಿ 590. ಮಾರುವಾಗ ಮತ್ತೆ ಅಷ್ಟೇ. ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಎರಡೂ ಸಲ ತಲಾ 100 ರೂ. ಬೇರೆ. ಚೌಕಾಶಿ ಮಾಡಿದರೆ ಇಳಿಸುತ್ತಾರೆ. ಒಪ್ಪಿದ ದರ ಇಮೇಲ್‌ನಲ್ಲಿ ಬರಲಿ.

ಸಲಹೆ ಕೇಳಲೇಬೇಡಿ. ‘ಕಾಫಿಗೆ ರೇಟು ಬಂದಿದೆ, ಕಾಫಿ ಕಂಪನಿ ಷೇರು ತಗೊಳ್ಳಿ’ ಎನ್ನುತ್ತಾರೆ. ಆದರೆ ಇನ್‌ಸ್ಟಂಟ್ ಕಾಫಿ ತಯಾರಿಸುವ ಕಂಪನಿಗಳಿಗೆ ಬೀಜವೇ ಕಚ್ಚಾವಸ್ತು. ಬೀಜ ತುಟ್ಟಿಯಾದಾಗ ದಾಸ್ತಾನಿಗೆ ಹೆಚ್ಚು ಹಣ ಕಟ್ಟಬೇಕು, ಸಾಲದ ಬಡ್ಡಿ ಏರುತ್ತದೆ, ಹೆಚ್ಚಿದ ವೆಚ್ಚವನ್ನು ಗಿರಾಕಿಗೆ ದಾಟಿಸಲಾಗದಿದ್ದರೆ ಲಾಭ ಕರಗುತ್ತದೆ. ತೋಟದ ಲಾಭವೇ ಬೇರೆ, ಕಾರ್ಖಾನೆಯ ಲಾಭವೇ ಬೇರೆ. ತೋಟ ಇದ್ದವರ ಆದಾಯ ಆಗಲೇ ಕಾಫಿಯನ್ನೇ ನಂಬಿದೆ, ಉಳಿತಾಯವನ್ನೂ ಅಲ್ಲೇ ಸುರಿಯಿರಿ ಅನ್ನುವುದು ದೊಡ್ಡ ತಪ್ಪು.