ಕೈರೋಪ್ರಾಕ್ಟಿಕ್: ಸೊಂಟದ ಮಟ್ಟಿಗೆ ಸರಿ, ಸಿದ್ಧಾಂತದ ಮಟ್ಟಿಗಲ್ಲ

ಬೆಂಗಳೂರಿನ ಬಡಾವಣೆಗಳಲ್ಲಿ ಈಚಿನ ವರ್ಷಗಳಲ್ಲಿ ಕೈರೋಪ್ರಾಕ್ಟಿಕ್, ಅಂದರೆ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ತಿರುಗಿಸುವ ಚಿಕಿತ್ಸೆಯ, ಚಿಕಿತ್ಸಾಲಯಗಳು ಒಂದೊಂದಾಗಿ ತಲೆಯೆತ್ತುತ್ತಿವೆ. ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳೇ ಅವುಗಳಿಗೆ ಜಾಹೀರಾತು. ಮಂಚದ ಮೇಲೆ ಮಲಗಿದವರ ಬೆನ್ನನ್ನು ಒಂದೇ ಸಲಕ್ಕೆ ಒತ್ತಿ ತಿರುಗಿಸಿದಾಗ 'ಲಟ್' ಎಂಬ ಸದ್ದು ಬರುತ್ತದೆ, ಅವರ ಮುಖ ಅರಳುತ್ತದೆ. ಕುಳಿತು ಮಾಡುವ ಕೆಲಸದಿಂದ ಸೊಂಟ ಹಿಡಿದುಕೊಂಡಿದ್ದ ನಾನು ನಗರದ ದಕ್ಷಿಣ ಭಾಗದ ಅಂಥ ಒಂದು ಚಿಕಿತ್ಸಾಲಯಕ್ಕೆ ಹೋಗಿ ಬರುತ್ತಿದ್ದೆ. ಈ ವಿಮರ್ಶೆ ಆ ಒಂದು ಕಡೆಯ ಬಗ್ಗೆ ಅನ್ನುವುದಕ್ಕಿಂತ ಅಲ್ಲಿ ಮಾರಾಟವಾಗುವ ಸೇವೆಯ ಬಗ್ಗೆ ಇರುವುದರಿಂದ ಅದರ ಹೆಸರನ್ನು ಇಲ್ಲಿ ಬರೆದಿಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ದೊಡ್ಡ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಸಿಗದ ವ್ಯವಧಾನ ಅಲ್ಲಿ ಸಿಕ್ಕಿತು. ನೋವು ಯಾವಾಗ ಶುರುವಾಯಿತು, ಬಗ್ಗಿದರೆ ಹೆಚ್ಚುತ್ತದೆಯೇ ಅಥವಾ ನೆಟ್ಟಗೆ ನಿಂತರೆ ಹೆಚ್ಚುತ್ತದೆಯೇ, ರಾತ್ರಿ ನಿದ್ದೆಗೆ ಅಡ್ಡಿಯಾಗುತ್ತದೆಯೇ ಎಂದು ಸಾವಧಾನವಾಗಿ ಕೇಳಿದರು, ಬೆನ್ನನ್ನು ಮುಟ್ಟಿ ನೋಡಿದರು. ಅಡ್ಜಸ್ಟ್‌ಮೆಂಟ್ ಎಂದು ಅವರು ಕರೆಯುವ ಕ್ರಿಯೆ ಮುಗಿದ ಮೇಲೆ ಸೊಂಟ ಹಗುರಾದದ್ದೂ ನಿಜ. ಆ ಹಗುರ ಎರಡು ದಿನದ ಮಟ್ಟಿಗೆ ಉಳಿಯುತ್ತಿತ್ತು.

ಆ ಸದ್ದಿನಲ್ಲಿ ಮಾತ್ರ ಪವಾಡವೇನೂ ಇಲ್ಲ. ಮೂಳೆ 'ಜಾಗಕ್ಕೆ ಕೂತಿತು' ಎಂದು ಅಲ್ಲಿ ಹೇಳುತ್ತಾರೆ, ಆದರೆ ಬೆರಳಿನ ನೆಟಿಕೆ ಮುರಿದಾಗ ಬರುವ ಸದ್ದೂ ಇದೂ ಒಂದೇ ಜಾತಿಯವು. ಕೀಲಿನ ಎರಡು ಮೇಲ್ಮೈಗಳು ಥಟ್ಟನೆ ದೂರ ಸರಿದಾಗ ಒಳಗಿನ ದ್ರವದಲ್ಲಿ ಒತ್ತಡ ಕುಸಿದು ಅನಿಲದ ಪೊಳ್ಳೊಂದು ಮೂಡುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಎಂಆರ್‌ಐ ಯಂತ್ರದೊಳಗೆ ಬೆರಳನ್ನು ಎಳೆದು, ಸದ್ದು ಬರುವ ಕ್ಷಣಕ್ಕೇ ಆ ಪೊಳ್ಳು ಮೂಡುವುದನ್ನು ಚಿತ್ರೀಕರಿಸಿ ತೋರಿಸಿದರು. ನಮ್ಮ ಊರುಗಳಲ್ಲಿ ಉಳುಕು ತೆಗೆಯುವವರೂ ತಲೆ ಮಸಾಜಿನ ಕೊನೆಗೆ ಕತ್ತು ತಿರುಗಿಸುವ ಕ್ಷೌರಿಕರೂ ಇದೇ ಸದ್ದನ್ನು ಹೊರಡಿಸುತ್ತಾರೆ, ಆದರೆ ಅದಕ್ಕೆ ಅವರು ಇಷ್ಟು ದುಡ್ಡು ಕೇಳುವುದಿಲ್ಲ.

ಈ ಚಿಕಿತ್ಸೆಯ ಹಿಂದಿನ ಸಿದ್ಧಾಂತದ ಮೂಲ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಪಟ್ಟಣದಲ್ಲಿದೆ. ಅಲ್ಲಿ ಅಯಸ್ಕಾಂತ ಚಿಕಿತ್ಸಕನೆಂದು ಹೆಸರಾಗಿದ್ದ ಡಿ. ಡಿ. ಪಾಮರ್ 1895ರಲ್ಲಿ, ಕಿವಿ ಕೇಳದಿದ್ದ ಹಾರ್ವೆ ಲಿಲಾರ್ಡ್ ಎಂಬ ಕಟ್ಟಡ ನೌಕರನ ಬೆನ್ನುಮೂಳೆಯನ್ನು ಒತ್ತಿ ಅವನಿಗೆ ಶ್ರವಣಶಕ್ತಿ ಮರಳಿಸಿದೆನೆಂದು ಹೇಳಿಕೊಂಡ. ನೂರಕ್ಕೆ ತೊಂಬತ್ತೈದು ಕಾಯಿಲೆಗಳು ಜಾಗ ತಪ್ಪಿದ ಕಶೇರುಕಗಳಿಂದಲೇ (ಬೆನ್ನುಮೂಳೆಯ ಮಣಿಗಳಿಂದಲೇ) ಬರುತ್ತವೆ ಎಂಬುದು ಅವನ ಮತ. ಕಿವಿಯ ನರ ಬೆನ್ನುಮೂಳೆಯೊಳಗೆ ಹಾದುಹೋಗುವುದೇ ಇಲ್ಲ, ಕಿವಿಯಿಂದ ನೇರವಾಗಿ ಮಿದುಳಿಗೆ ಸೇರುತ್ತದೆ ಎಂಬ ಒಂದು ಅಂಶವೇ ಆ ಮೊದಲ ಕಥೆಯನ್ನು ಸಂಶಯಕ್ಕೆ ಈಡುಮಾಡಲು ಸಾಕು. ಇಂದಿನ ಕೈರೋಪ್ರಾಕ್ಟರುಗಳೆಲ್ಲರೂ ಪಾಮರನ ಈ ಮತವನ್ನು ನಂಬುತ್ತಾರೆಂದಲ್ಲ. ಬೆನ್ನುನೋವಿಗಷ್ಟೇ ತಮ್ಮ ವಿದ್ಯೆಯನ್ನು ಸೀಮಿತಗೊಳಿಸಿಕೊಂಡವರೂ ಇದ್ದಾರೆ. ಆದರೆ ನಾನು ಹೋದಲ್ಲಿ, ಬೆನ್ನುಮೂಳೆಯ ಒಂದೊಂದು ಭಾಗಕ್ಕೆ ಆಸ್ತಮಾ, ಅಜೀರ್ಣ, ಮಕ್ಕಳ ಕಿವಿಸೋರಿಕೆ ಮುಂತಾದವನ್ನು ಗೆರೆ ಎಳೆದು ಜೋಡಿಸಿದ ಬಣ್ಣದ ಚಿತ್ರಪಟ ಗೋಡೆಯ ಮೇಲೆ ರಾರಾಜಿಸುತ್ತಿತ್ತು.

ಇಂಥ ಪ್ರತಿಪಾದನೆಗಳನ್ನೇ ವಿಜ್ಞಾನ ಲೇಖಕ ಸೈಮನ್ ಸಿಂಗ್ 2008ರಲ್ಲಿ ಗಾರ್ಡಿಯನ್ ಪತ್ರಿಕೆಯಲ್ಲಿ ಟೀಕಿಸಿದಾಗ ಬ್ರಿಟಿಷ್ ಕೈರೋಪ್ರಾಕ್ಟಿಕ್ ಸಂಘ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿತು. ಮಕ್ಕಳ ಹೊಟ್ಟೆನೋವು, ಆಸ್ತಮಾಗಳಿಗೆ ಈ ಚಿಕಿತ್ಸೆ ನಾಟುತ್ತದೆ ಎಂಬುದಕ್ಕೆ ಪುರಾವೆ ಎಲ್ಲಿದೆ ಎಂಬ ಪ್ರಶ್ನೆ ಸಾರ್ವಜನಿಕವಾಗಿ ಎದ್ದು, ಮೇಲ್ಮನವಿ ನ್ಯಾಯಾಲಯವೂ ಸಿಂಗ್ ಪರವಾಗಿ ತೀರ್ಪು ಕೊಟ್ಟ ಬಳಿಕ 2010ರ ಏಪ್ರಿಲ್‌ನಲ್ಲಿ ಸಂಘ ಮೊಕದ್ದಮೆಯನ್ನು ಹಿಂದಕ್ಕೆ ಪಡೆಯಿತು.

ಹಾಗಾದರೆ ಸೊಂಟನೋವಿಗೆ? ಇಲ್ಲಿ ಉತ್ತರ ಅಷ್ಟು ಕಠೋರವಲ್ಲ. 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಸಮೀಕ್ಷೆಯೊಂದು 47 ಪ್ರಯೋಗಗಳನ್ನೂ ಅವುಗಳಲ್ಲಿ ಪಾಲ್ಗೊಂಡ 9,211 ಜನರ ಫಲಿತಾಂಶಗಳನ್ನೂ ಒಟ್ಟುಗೂಡಿಸಿ, ದೀರ್ಘಕಾಲದ ಸೊಂಟನೋವಿಗೆ ಬೆನ್ನುಮೂಳೆಯನ್ನು ಒತ್ತಿ ತಿರುಗಿಸುವ ಚಿಕಿತ್ಸೆಯು ವ್ಯಾಯಾಮವೇ ಮೊದಲಾದ ಶಿಫಾರಸಾದ ಚಿಕಿತ್ಸೆಗಳಷ್ಟೇ ಗುಣ ಕೊಡುತ್ತದೆ ಎಂದು ಕಂಡುಕೊಂಡಿತು. ಅವುಗಳಷ್ಟೇ ಎಂಬ ಮಾತನ್ನು ಗಮನಿಸಬೇಕು. ಚಿಕಿತ್ಸೆಗಳ ಬಗ್ಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಇದನ್ನು ವ್ಯಾಯಾಮದ ಜೊತೆಗಷ್ಟೇ ಪರಿಗಣಿಸಿ, ಒಂಟಿಯಾಗಿ ಬೇಡ ಎನ್ನುತ್ತದೆ. ಹೊಸದಾಗಿ ಹಿಡಿದುಕೊಂಡ ಸೊಂಟ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಸಡಿಲುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿ ನೋಡಿದರೆ, ಗುಣವಾದವರ ಪ್ರಶಂಸೆಗಳಲ್ಲಿ ಎಷ್ಟು ಪಾಲು ಚಿಕಿತ್ಸೆಯದು, ಎಷ್ಟು ಪಾಲು ಕಾಲದ್ದು ಎಂದು ಬೇರ್ಪಡಿಸುವುದು ರೋಗಿಗೆ ಸಾಧ್ಯವಿಲ್ಲ.

ಬೇರ್ಪಡಿಸಲು ಹೊರಟ ಪ್ರಯೋಗವೊಂದು, ಮೈಮೇಲಿನ ಗೊತ್ತುಪಡಿಸಿದ ಬಿಂದುಗಳಲ್ಲಿ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ವಿಷಯದಲ್ಲಿ ನಡೆದಿದೆ, ಮತ್ತು ಅದರ ಫಲಿತಾಂಶ ಕುತೂಹಲಕರ. ಜರ್ಮನಿಯಲ್ಲಿ 1,162 ಸೊಂಟನೋವಿನ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ 47.6ರಷ್ಟು ಜನರಿಗೆ ಗುಣ ಕಂಡಿತು. ಬಿಂದುಗಳನ್ನು ಬಿಟ್ಟು ಎಲ್ಲೆಲ್ಲೋ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಅದು ಶೇ 44.2, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 27.4. ನೆರವಾದದ್ದು ಬಿಂದುಗಳಲ್ಲ ಎಂಬುದು ಇದರಿಂದ ಸ್ಪಷ್ಟ. ಸೂಜಿಯೇ, ಆರೈಕೆಯೇ, ನಿರೀಕ್ಷೆಯೇ ಎಂಬುದು ಬೇರೆ ಪ್ರಶ್ನೆ. ಕೈರೋಪ್ರಾಕ್ಟಿಕ್ಕಿನಲ್ಲಿ ನನಗೆ ದಕ್ಕಿದ ಹಗುರವನ್ನು ನಾನು ಇದೇ ಸಾಲಿಗೆ ಸೇರಿಸುತ್ತೇನೆ.

ಇನ್ನು ದೂರುಗಳು. ಮೊದಲ ಭೇಟಿಯಲ್ಲೇ ಇಡೀ ಬೆನ್ನುಮೂಳೆಯ ಎಕ್ಸ್‌ರೇ ತೆಗೆಸಲು ಸೂಚಿಸಿದರು. ಅಪಾಯದ ಲಕ್ಷಣಗಳಿಲ್ಲದ ಸಾಮಾನ್ಯ ಸೊಂಟನೋವಿಗೆ ಇದು ಬೇಕಿಲ್ಲವೆಂದು ಮಾರ್ಗಸೂಚಿಗಳು ಒಕ್ಕೊರಲಿನಿಂದ ಹೇಳುತ್ತವೆ. ಬಳಿಕ ತಿಂಗಳುಗಟ್ಟಲೆಯ 'ಪ್ಯಾಕೇಜ್' ಮುಂದಿಟ್ಟು, ಮುಂಗಡ ಕಟ್ಟಿದರೆ ರಿಯಾಯಿತಿ ಎಂದರು. ನೋವು ಹೋದಮೇಲೂ ಬೆನ್ನನ್ನು 'ಕಾಪಾಡಿಕೊಳ್ಳಲು' ಬರುತ್ತಿರಬೇಕೆಂಬ ಆ ಯೋಜನೆಯಲ್ಲಿ ವೈದ್ಯಕ್ಕಿಂತ ವ್ಯಾಪಾರದ ವಾಸನೆಯೇ ಹೆಚ್ಚು. ನಾನು ಕಟ್ಟಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕುತ್ತಿಗೆ. ಸೊಂಟಕ್ಕೆಂದು ಹೋದವರ ಕತ್ತನ್ನೂ ತಿರುಗಿಸುವುದು ಅಲ್ಲಿಯ ವಾಡಿಕೆ. ನಾನು ಬೇಡವೆಂದೆ, ಅವರೂ ಒತ್ತಾಯಿಸಲಿಲ್ಲ. ಕತ್ತಿನ ಮೂಳೆಗಳ ಮೂಲಕ ಮಿದುಳಿಗೆ ಹೋಗುವ ಧಮನಿಯ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಕತ್ತು ತಿರುಗಿಸುವುದೇ ಇದಕ್ಕೆ ಕಾರಣವೆಂದು ಸಾಬೀತಾಗಿಲ್ಲವಾದರೂ ಇವೆರಡರ ನಡುವೆ ನಂಟು ಕಂಡುಬಂದಿದೆಯೆಂದೂ, ರೋಗಿಗೆ ಮೊದಲೇ ಅದನ್ನು ತಿಳಿಸಬೇಕೆಂದೂ ಅಮೆರಿಕದ ಹೃದ್ರೋಗ ಸಂಘ 2014ರಲ್ಲಿ ಹೇಳಿದೆ. ನನಗೆ ಯಾರೂ ತಿಳಿಸಲಿಲ್ಲ. ಅಪಾಯ ಅಪರೂಪದ್ದೇ ಇರಬಹುದು, ಆದರೆ ಲಾಭ ಇಷ್ಟು ಸಣ್ಣದಿರುವಾಗ ಅದನ್ನು ಮೈಮೇಲೆ ಎಳೆದುಕೊಳ್ಳಲು ಕಾರಣವಿಲ್ಲ. ಕ್ಷೌರದಂಗಡಿಗೂ ಇದೇ ಮಾತು ಅನ್ವಯಿಸುತ್ತದೆ.

ಬ್ರಿಟನ್ನಿನಲ್ಲಿ 1994ರ ಕಾಯಿದೆಯಡಿ ಕೈರೋಪ್ರಾಕ್ಟರುಗಳು ನೋಂದಣಿ ಮಾಡಿಸಿಕೊಂಡೇ ವೃತ್ತಿ ನಡೆಸಬೇಕು. ನಮ್ಮಲ್ಲಿ ಆಯುಷ್ ಪದ್ಧತಿಗಳ ಪಟ್ಟಿಯಲ್ಲೂ ಇದಕ್ಕೆ ಸ್ಥಾನವಿಲ್ಲ. ಆದ್ದರಿಂದ ಒತ್ತುವ ಕೈ ಎಲ್ಲಿ ಕಲಿತದ್ದು, ಆ ವ್ಯಕ್ತಿ ಫಿಸಿಯೊಥೆರಪಿ ಪದವೀಧರರೇ ಎಂಬುದನ್ನು ಗ್ರಾಹಕರೇ ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.

ನನ್ನ ಮಟ್ಟಿಗೆ ಈ ಸೇವೆಗೆ ಐದರಲ್ಲಿ ಎರಡು ಅಂಕ, ಅವೆರಡೂ ಸಾವಧಾನಕ್ಕೆ ಮತ್ತು ತಾತ್ಕಾಲಿಕ ಉಪಶಮನಕ್ಕೆ. ಅದೇ ದುಡ್ಡಿಗೆ ಒಳ್ಳೆಯ ಫಿಸಿಯೊಥೆರಪಿಸ್ಟರ ಬಳಿ ಮನೆಯಲ್ಲೇ ಮಾಡಬಹುದಾದ ವ್ಯಾಯಾಮಗಳನ್ನು ಕಲಿಯಬಹುದು. ಯೋಗದಲ್ಲಿ ಒಲವಿದ್ದರೆ ಅದೂ ಒಂದು ದಾರಿ. ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ 80 ಸೊಂಟನೋವಿನ ರೋಗಿಗಳ ಮೇಲೆ ಒಂದು ವಾರ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯೋಗದ ಗುಂಪು ದೈಹಿಕ ವ್ಯಾಯಾಮದ ಗುಂಪಿಗಿಂತ ಹೆಚ್ಚು ಚೇತರಿಸಿಕೊಂಡಿತು. ಯೋಗ ಕಲಿಸುವ ಸಂಸ್ಥೆಯೇ ನಡೆಸಿದ ಸಣ್ಣ ಅಧ್ಯಯನ ಎಂಬ ಎಚ್ಚರವನ್ನು ಇಟ್ಟುಕೊಂಡೇ ಇದನ್ನು ಹೇಳುತ್ತಿದ್ದೇನೆ. ಕಾಲಿನ ಬಲ ಕುಂದುತ್ತಿದ್ದರೆ, ಮಲಮೂತ್ರದ ಹಿಡಿತ ತಪ್ಪುತ್ತಿದ್ದರೆ, ನೋವಿನ ಜೊತೆ ಜ್ವರವಿದ್ದರೆ ಅಥವಾ ಹಿಂದೆ ಕ್ಯಾನ್ಸರ್ ಆಗಿದ್ದರೆ ಇವು ಯಾವುವೂ ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಬೇಕು.